ಮೂರನೇ ವರ

ರಾಮನವಮಿ ಸಂಗೀತ ಕಚೇರಿಗಳಿಗೆ ಹೋಗುವವರು ಇದನ್ನು ನೋಡಿಯೇ ಇರುತ್ತೀರಿ. ದೊಡ್ಡ ಕೃತಿ ಮುಗಿಯುತ್ತಾ ಬಂದಿರುತ್ತದೆ. ಗಾಯಕರು ಮೃದಂಗದವರ ಕಡೆ ಒಮ್ಮೆ ತಿರುಗಿ ನೋಡುತ್ತಾರೆ. ತನಿ ಶುರು, ಅಂದರೆ ಹಾಡು ನಿಂತು ಬರೀ ತಾಳವಾದ್ಯದವರು ನುಡಿಸುವ ಭಾಗ. ಅಷ್ಟು ಹೊತ್ತು ಅಲ್ಲಾಡದೆ ಕೂತಿದ್ದ ಜನಕ್ಕೆ ಆಗಲೇ ಕಾಫಿ ನೆನಪಾಗುತ್ತದೆ, ಬಸ್ಸು ನೆನಪಾಗುತ್ತದೆ, ಮನೆಯಲ್ಲಿ ಬಿಟ್ಟು ಬಂದ ಕೆಲಸ ನೆನಪಾಗುತ್ತದೆ. ಕುರ್ಚಿಗಳು ಕಿರ್ ಅನ್ನುತ್ತವೆ. ಈ ಸಲ ನಾನಿದ್ದ ಸಾಲಿನಲ್ಲಿ ಒಂಬತ್ತು ಜನ ಕೂತಿದ್ದೆವು, ಖಂಜಿರ ಅನ್ನುವ ಸಣ್ಣ ಚರ್ಮವಾದ್ಯದವರ ಸರದಿ ಬರುವ ಹೊತ್ತಿಗೆ ಮೂರು ಜನ ಉಳಿದಿದ್ದೆವು. ಖಂಜಿರ ನುಡಿಸುತ್ತಿದ್ದ ಹುಡುಗ ತಲೆ ಎತ್ತಿ ಒಂದು ಸಲ ಖಾಲಿ ಕುರ್ಚಿಗಳನ್ನು ನೋಡಿದ. ಆಮೇಲೆ ತಲೆ ತಗ್ಗಿಸಿ ನುಡಿಸಿದ. ಆ ನೋಟ ಇನ್ನೂ ನನ್ನ ಮನಸ್ಸಿನಿಂದ ಹೋಗಿಲ್ಲ.

ಆಗೆಲ್ಲ ನನಗೆ ನೆನಪಾಗುವುದು ಒಂದು ಬೆಂಗಾಲಿ ಸಿನಿಮಾ. ಸತ್ಯಜಿತ್ ರೇ ಅವರ ‘ಗೂಪಿ ಗಾಯ್ನೆ ಬಾಘಾ ಬಾಯ್ನೆ’. 1969ರದ್ದು. ಹಾಡುವ ಗೂಪಿ, ಡೋಲು ಬಾರಿಸುವ ಬಾಘಾ, ಇಬ್ಬರಿಗೂ ಸಂಗೀತ ಬರುವುದಿಲ್ಲ, ಇಬ್ಬರನ್ನೂ ಅವರವರ ಊರಿನಿಂದ ಓಡಿಸಿರುತ್ತಾರೆ. ಕಾಡಿನಲ್ಲಿ ಭೂತಗಳ ರಾಜ ಅವರಿಗೆ ಮೂರು ವರ ಕೊಡುತ್ತಾನೆ. ಇಬ್ಬರೂ ಕೈಗೆ ಕೈ ತಟ್ಟಿದರೆ ಬೇಕಾದ ಊಟ, ಬೇಕಾದ ಬಟ್ಟೆ. ಅವನು ಕೊಟ್ಟ ಮೆಟ್ಟು ಹಾಕಿಕೊಂಡು ತಟ್ಟಿದರೆ ಬೇಕಾದ ಊರು. ಮೂರನೆಯದು ಸಂಗೀತ. ಅವರು ಹಾಡಿ ಬಾರಿಸುತ್ತಿರುವಷ್ಟು ಹೊತ್ತು ಕೇಳುವವರು ನಿಂತಲ್ಲೇ ನಿಲ್ಲಬೇಕು. ಕಾಲು ಕದಲುವಂತಿಲ್ಲ.

ಮೊದಲೆರಡು ವರ ಯಾವ ಅಜ್ಜಿ ಕತೆಯಲ್ಲೂ ಸಿಗುತ್ತವೆ. ಮೂರನೆಯದು ಹಾಗಲ್ಲ. ಸಂಗೀತಕ್ಕೆ ಮಳೆ ಬಂತು, ದೀಪ ಹತ್ತಿತು, ಕಲ್ಲು ಕರಗಿತು ಅಂತೆಲ್ಲ ಕೇಳಿದ್ದೇವೆ. ಅಲ್ಲೆಲ್ಲ ಸಂಗೀತ ಏನನ್ನೋ ಅಲ್ಲಾಡಿಸುತ್ತದೆ. ಇಲ್ಲಿ ನಿಲ್ಲಿಸುತ್ತದೆ, ಅಷ್ಟೇ. ಆ ವರದ ಬಗ್ಗೆ ನಾನು ಮೂವತ್ತು ವರ್ಷಕ್ಕೂ ಜಾಸ್ತಿ ಯೋಚಿಸಿದ್ದೇನೆ. ಅದಕ್ಕೆ ಕಾರಣ ನನ್ನ ಮಾವ.

ಒದ್ದೆ ಕೈ

ಮಾವ ಅಂದರೆ ಅಮ್ಮನ ತಮ್ಮ. ಅರಕಲಗೂಡು ತಾಲ್ಲೂಕು, ಸಂಗೀತಗಾರರ ಊರು ಅಂತಲೇ ಹೆಸರಾದ ರುದ್ರಪಟ್ಟಣದ ಹತ್ತಿರದ ಊರು. ಆ ಕಡೆಯವರಿಗೆ ಸಂಗೀತ ಅಂದರೆ ಏನು ಅಂತ ಬೇರೆ ಹೇಳಬೇಕಾಗಿಲ್ಲ, ಅಲ್ವಾ. ಮಾವ ದೊಡ್ಡ ವಿದ್ವಾಂಸನೇನಲ್ಲ. ಭಜನೆಗೆ, ರಾಮನವಮಿಗೆ, ಯಾರಾದರೂ ಕರೆದರೆ ಮದುವೆ ಮನೆ ಕಚೇರಿಗೆ ಖಂಜಿರ ನುಡಿಸುತ್ತಿದ್ದ. ಸಿನಿಮಾ ಅಂದರೆ ಅವನಿಗೆ ಅಷ್ಟಕ್ಕಷ್ಟೇ.

ನಾನು ಐದನೇ ಕ್ಲಾಸಿನಲ್ಲಿದ್ದೆ. ಭಾನುವಾರ ಮಧ್ಯಾಹ್ನ ದೂರದರ್ಶನದಲ್ಲಿ ಬೇರೆ ಬೇರೆ ಭಾಷೆಯ ಸಿನಿಮಾ ಬರುತ್ತಿದ್ದ ಕಾಲ. ಊಟ ಆದ ಮೇಲೆ ಮನೆಯವರೆಲ್ಲ ಚಾಪೆ ಹಾಸಿಕೊಂಡು ಮಲಗುತ್ತಿದ್ದರು, ನಾನೊಬ್ಬನೇ ಟಿವಿ ಮುಂದೆ. ನಮ್ಮದು ಕಪ್ಪು ಬಿಳುಪು ಟಿವಿ. ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ಅರ್ಧ ಓದುವುದರೊಳಗೆ ಅವು ಮಾಯವಾಗುತ್ತಿದ್ದವು. ಭಾಷೆ ಗೊತ್ತಿಲ್ಲ. ಆದರೂ ಕತ್ತೆ ಮೇಲೆ ಕೂರಿಸಿ ಊರಾಚೆ ಕಳಿಸಿದ ಗೂಪಿಯ ಮುಖ ನೋಡಿದರೆ ಎಲ್ಲ ಅರ್ಥವಾಗುತ್ತಿತ್ತು. ತಪೇನ್ ಚಟರ್ಜಿ ಅನ್ನುವ ನಟನ ಮುಖ ಅದು. ದೊಡ್ಡ ಕಣ್ಣು, ಕೆಡುಕು ಗೊತ್ತಿಲ್ಲದ ನಗು.

ಆಮೇಲೆ ಕಾಡು. ಗೂಪಿ ಒಬ್ಬನೇ ನಡೆಯುತ್ತಿರುತ್ತಾನೆ. ಎಲ್ಲಿಂದಲೋ ಟಕ್, ಟಕ್ ಅಂತ ಸದ್ದು. ನೋಡಿದರೆ ಒಂದು ಡೋಲು, ಪಕ್ಕದಲ್ಲಿ ಒಬ್ಬ ಮಲಗಿದ್ದಾನೆ, ಮೇಲಿನಿಂದ ನೀರಿನ ಹನಿ ಡೋಲಿನ ಮೇಲೆ ಬೀಳುತ್ತಿದೆ. ಬಾಘಾ ಆಗಿ ರಬಿ ಘೋಷ್. ಇಬ್ಬರೂ ಒಬ್ಬರನ್ನೊಬ್ಬರು ಅನುಮಾನದಿಂದ ನೋಡುತ್ತಾರೆ, ಹುಲಿ ಬಂದಾಗ ಹೆದರುತ್ತಾರೆ, ಹುಲಿ ಹೋದ ಮೇಲೆ ಖುಷಿಗೆ ಹಾಡಿ ಬಾರಿಸಿ ಕುಣಿಯುತ್ತಾರೆ. ಆ ಕೆಟ್ಟ ಸಂಗೀತಕ್ಕೇ ಭೂತಗಳು ಎದ್ದು ಬರುತ್ತವೆ.

ಭೂತಗಳ ಕುಣಿತ ಶುರುವಾದಾಗ ಮಾವ ಹಿತ್ತಲಿನಲ್ಲಿ ಕೈ ತೊಳೆಯುತ್ತಿದ್ದ. ತಡವಾಗಿ ಊಟ ಮಾಡಿದ್ದ ಅವತ್ತು. ಒದ್ದೆ ಕೈ ಹಾಗೇ ಎತ್ತಿ ಹಿಡಿದುಕೊಂಡು ನಡುಮನೆ ಬಾಗಿಲಿಗೆ ಬಂದು ನಿಂತುಬಿಟ್ಟ. ಟವೆಲ್ಲು ಹೆಗಲ ಮೇಲೇ ಇತ್ತು, ಒರೆಸಿಕೊಳ್ಳಲಿಲ್ಲ. ಮೊಣಕೈಯಿಂದ ನೀರು ಹೊಸ್ತಿಲ ಮೇಲೆ ತೊಟ್ಟಿಕ್ಕುತ್ತಿತ್ತು.

“ಘಟ ಅಲ್ವೇನೋ ಅದು?” ಅಂದ.

ಘಟ ಅಂದರೆ ಕಚೇರಿಯಲ್ಲಿ ಬಾರಿಸುವ ಮಣ್ಣಿನ ಮಡಕೆ. ನನಗೇನು ಗೊತ್ತು. ಸುಮ್ನೆ ತಲೆ ಆಡಿಸಿದೆ.

“ಯಾವ ಭಾಷೆ ಪಿಚ್ಚರು ಇದು?”

“ಬೆಂಗಾಲಿ, ಮಾವ.”

“ಬಂಗಾಳದ ದೆವ್ವಕ್ಕೆ ನಮ್ಮ ಘಟ ಹೆಂಗೋ ಗೊತ್ತು?”

ಆಮೇಲೆ ಮಾತಿಲ್ಲ. ಹೊಸ್ತಿಲ ಮೇಲೇ ಕೂತ. ಒದ್ದೆ ಕೈಯಲ್ಲೇ ತೊಡೆ ಮೇಲೆ ತಾಳ ಹಾಕತೊಡಗಿದ. ಪಂಚೆ ಮೇಲೆ ಐದು ಬೆರಳಿನ ಒದ್ದೆ ಗುರುತು ಮೂಡಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಆರು ನಿಮಿಷಕ್ಕೂ ಜಾಸ್ತಿ ಇದೆ ಆ ಕುಣಿತ. ಅಷ್ಟು ಹೊತ್ತೂ ಅವನು ಟಿವಿಯಿಂದ ಕಣ್ಣು ತೆಗೆಯಲಿಲ್ಲ. ಮುಗಿದ ತಕ್ಷಣ ಎದ್ದು ಒಳಗೆ ಹೋಗಿ ಮಲಗಿಕೊಂಡ. ಭೂತರಾಜ ವರ ಕೊಟ್ಟಿದ್ದನ್ನು ಅವನು ನೋಡಲೇ ಇಲ್ಲ.

ನಾಲ್ಕು ಜಾತಿ ಭೂತ, ನಾಲ್ಕು ವಾದ್ಯ

ಬಂಗಾಳದ ದೆವ್ವಕ್ಕೆ ನಮ್ಮ ಘಟ ಹೇಗೆ ಗೊತ್ತು ಅನ್ನುವ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಎಷ್ಟೋ ವರ್ಷ ಆದ ಮೇಲೆ. ರೇ ಅವರೇ ಅದನ್ನು ವಿವರಿಸಿದ್ದಾರೆ. ಆ ಭೂತಗಳು ನಾಲ್ಕು ಗುಂಪು. ಹಳೇ ಕಾಲದ ರಾಜರು. ರೈತರು. ನಮ್ಮನ್ನು ಆಳಲು ಬಂದ ಬಿಳಿ ಸಾಹೇಬರು. ತಿಂದು ಕೊಬ್ಬಿದ ದಪ್ಪ ಹೊಟ್ಟೆಯವರು. ಬಂಗಾಳದ ಮಣ್ಣಿನಲ್ಲಿ ಸತ್ತವರೆಲ್ಲ ಆ ಕಾಡಿನಲ್ಲಿ ಕುಣಿಯುತ್ತಾರೆ. ಈ ಕುಣಿತಕ್ಕೆ ರಾಗ ಬೇಡ, ಬರೀ ಲಯ ಸಾಕು ಅಂತ ಅವರಿಗೆ ಅನ್ನಿಸಿತ್ತು. ಅದಕ್ಕೆ ಅವರು ತೆಗೆದುಕೊಂಡಿದ್ದು ನಮ್ಮ ತಾಳವಾದ್ಯ ಕಚೇರಿಯ ನಾಲ್ಕು ವಾದ್ಯ. ರಾಜರಿಗೆ ಮೃದಂಗ, ಯಾಕೆಂದರೆ ಅದು ಶಾಸ್ತ್ರೀಯ. ರೈತರಿಗೆ ಖಂಜಿರ, ಅದರಲ್ಲಿ ಅರ್ಧ ಜಾನಪದ ಇದೆ ಅಂತ. ಸಾಹೇಬರಿಗೆ ಘಟ, ಅದರ ಗಡಸು ಸದ್ದಿಗೆ. ದಪ್ಪ ಹೊಟ್ಟೆಯವರಿಗೆ ಬಾಯಿಗೆ ಹಿಡಿದು ನುಡಿಸುವ ಮೋರ್ಸಿಂಗ್, ಕೇಳಿದರೆ ಸ್ವಲ್ಪ ನಗು ಬರುತ್ತದೆ ಅಂತ.

ಮೃದಂಗದ ಲೆಕ್ಕ ಸರಿಯಾಗಿದೆ. ಖಂಜಿರದ ಲೆಕ್ಕ ಇನ್ನೂ ಸರಿಯಾಗಿದೆ. ಭಜನೆಯವರ ಕೈಯಲ್ಲಿದ್ದ ಖಂಜಿರವನ್ನು ಕಚೇರಿ ವೇದಿಕೆಗೆ ತಂದವರು ಪುದುಕ್ಕೋಟೈ ಮಾಮುಂಡಿಯಾ ಪಿಳ್ಳೈ ಅಂತ ಸಂಗೀತದವರೆಲ್ಲ ಹೇಳುತ್ತಾರೆ. ಇವತ್ತಿಗೂ ಅದು ಎರಡೂ ಕಡೆ ಸಲ್ಲುತ್ತದೆ. ಮಾವ ಬೆಳಗ್ಗೆ ಭಜನೆಗೆ ನುಡಿಸಿದ ಖಂಜಿರವನ್ನೇ ಸಂಜೆ ಕಚೇರಿಗೂ ತೆಗೆದುಕೊಂಡು ಹೋಗುತ್ತಿದ್ದ. ಮೋರ್ಸಿಂಗ್ ವಿಷಯದಲ್ಲಿ ಮಾತ್ರ ರೇ ಅವರ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಬೆಂಗಳೂರಿನ ಎಲ್. ಭೀಮಾಚಾರ್ ಅವರ ಮೋರ್ಸಿಂಗ್ ಕೇಳಿದವರಿಗೆ ಅದು ನಗೆಯ ವಾದ್ಯ ಅಂತ ಖಂಡಿತ ಅನ್ನಿಸುವುದಿಲ್ಲ. ಹಲ್ಲಿಗೆ ಒತ್ತಿ ಹಿಡಿದ ಸಣ್ಣ ಕಬ್ಬಿಣದ ತುಂಡಿನಿಂದ, ಬರೀ ಬೆರಳು, ಉಸಿರು, ನಾಲಗೆಯಿಂದ, ಮೃದಂಗದ ಸೊಲ್ಲುಗಳನ್ನು ಹಾಗೇ ಹೊರಡಿಸುವುದು ಎಂಥ ಕೆಲಸ! ಆದರೂ ಆ ದಪ್ಪ ಹೊಟ್ಟೆಗಳು ಕುಲುಕುವಾಗ ಕೇಳುವ ಆ ಝುಂಯ್ ಝುಂಯ್ ಸದ್ದು ಅಲ್ಲಿಗೆ ಎಷ್ಟು ಹೊಂದುತ್ತದೆ ಅಂತ ನೋಡಿದರೆ ಸಿಟ್ಟು ಇಳಿದುಹೋಗುತ್ತದೆ.

ಕುಣಿತ ಹೇಗೆ ಸಾಗುತ್ತದೆ ನೋಡಿ. ಮೊದಲು ಒಂದೊಂದು ಗುಂಪೂ ಬೇರೆ ಬೇರೆಯಾಗಿ ಬಂದು ಕುಣಿಯುತ್ತದೆ. ಆಮೇಲೆ ತಮ್ಮತಮ್ಮಲ್ಲೇ ಹೊಡೆದಾಟ. ರಾಜ ರಾಜನನ್ನು ಕೊಲ್ಲುತ್ತಾನೆ, ಸಾಹೇಬ ಸಾಹೇಬನನ್ನು. ಲಯ ಏರುತ್ತಾ ಹೋಗುತ್ತದೆ. ಕೊನೆಗೆ ಪರದೆಯ ಮೇಲೆ ನಾಲ್ಕು ಸಾಲು, ಒಂದರ ಮೇಲೊಂದು, ನಾಲ್ಕೂ ಗುಂಪು ಒಟ್ಟಿಗೆ ಕುಣಿಯುತ್ತವೆ. ಇದು ತನಿಯ ನಡೆಯೇ ಅಲ್ವಾ? ಒಬ್ಬೊಬ್ಬರ ಸರದಿ, ಆಮೇಲೆ ಒಬ್ಬರಿಗೊಬ್ಬರ ಸವಾಲು, ಕೊನೆಗೆ ಎಲ್ಲರೂ ಕೂಡಿ ಮುಕ್ತಾಯ. ಮಾವನಿಗೆ ಬಂಗಾಳದ ಚರಿತ್ರೆ ಗೊತ್ತಿರಲಿಲ್ಲ, ಆ ಭೂತಗಳು ಯಾರು ಅಂತಲೂ ಗೊತ್ತಿರಲಿಲ್ಲ. ಆದರೆ ತನಿ ಅಂತ ಅವನಿಗೆ ತಕ್ಷಣ ಗೊತ್ತಾಗಿತ್ತು. ಆ ಭಾನುವಾರದ ಮೇಲೆ ಮನೆಯಲ್ಲಿ ಅವನ ಬಾಯಲ್ಲಿ ಒಂದು ಮಾತು ಸೇರಿಕೊಂಡಿತು. ತನಿ ಹೊತ್ತಿಗೆ ಜನ ಎದ್ದು ಹೋದರು ಅಂತ ಯಾರಾದರೂ ಬೇಜಾರು ಮಾಡಿಕೊಂಡರೆ, “ಹೋಗ್ಲಿ ಬಿಡು, ದೆವ್ವಗಳು ಕೂತು ಕೇಳ್ತವೆ” ಅನ್ನುತ್ತಿದ್ದ.

ಅಜ್ಜನ ಕತೆ

ಕತೆ ರೇ ಅವರದ್ದಲ್ಲ, ಅವರ ಅಜ್ಜ ಉಪೇಂದ್ರಕಿಶೋರ್ ರಾಯ್‌ಚೌಧುರಿಯವರದ್ದು. ಮಕ್ಕಳಿಗಾಗಿ 1913ರಲ್ಲಿ ಅವರು ಶುರುಮಾಡಿದ ‘ಸಂದೇಶ್’ ಪತ್ರಿಕೆಯಲ್ಲಿ 1915ರಲ್ಲಿ ಬಂದಿದ್ದು. ಬೆಂಗಾಲಿಯಲ್ಲಿ ಸಂದೇಶ್ ಅಂದರೆ ಸುದ್ದಿಯೂ ಹೌದು, ಸಿಹಿತಿಂಡಿಯೂ ಹೌದು. ಅದೇ ವರ್ಷದ ಡಿಸೆಂಬರಿನಲ್ಲಿ ಅಜ್ಜ ತೀರಿಕೊಂಡರು. ಮೊಮ್ಮಗ ಹುಟ್ಟಿದ್ದು 1921ರಲ್ಲಿ. ಅಜ್ಜನನ್ನು ಅವರು ನೋಡಿಯೇ ಇಲ್ಲ. ನಿಂತುಹೋಗಿದ್ದ ಪತ್ರಿಕೆಯನ್ನು 1961ರಲ್ಲಿ ಮತ್ತೆ ಶುರುಮಾಡಿದರು, ಅದಕ್ಕೆ ಬರೆದರು, ಚಿತ್ರ ಬಿಡಿಸಿದರು. ಮಗ ಸಂದೀಪ, ಅಪ್ಪಾ ನಿನ್ನ ಸಿನಿಮಾ ಎಲ್ಲ ದೊಡ್ಡವರದ್ದೇ, ನಮಗೂ ಒಂದು ಮಾಡು ಅಂತ ಹಟ ಹಿಡಿದ. ಆಗ ಈ ಸಿನಿಮಾ. ಹಾಡು ಬರೆದು ರಾಗ ಹಾಕಿದ್ದು ರೇ, ಬಟ್ಟೆಗಳ ವಿನ್ಯಾಸ ರೇ, ಕೊನೆಗೆ ಭೂತರಾಜನ ಆ ವಿಚಿತ್ರ ದನಿಯೂ ಅವರದ್ದೇ. ಗೂಪಿಯ ಹಾಡಿನ ದನಿ ಮಾತ್ರ ಅನೂಪ್ ಘೋಷಾಲ್ ಅನ್ನುವ ಗಾಯಕರದ್ದು. ತಾನು ನೋಡದ ಅಜ್ಜನ ಕತೆಯನ್ನು ಕೈಯಲ್ಲಿ ಹಿಡಿದುಕೊಂಡು, ತನ್ನ ಮಗನಿಗಾಗಿ, ನಲವತ್ತೆಂಟನೇ ವಯಸ್ಸಿನ ಹೊತ್ತಿಗೆ ಮುಗಿಸಿದ ಕೆಲಸ. ಅದಕ್ಕೇ ಇರಬೇಕು, ಅವರ ಬೇರೆ ಸಿನಿಮಾಗಳನ್ನು ನಾನು ಗೌರವದಿಂದ ನೋಡುತ್ತೇನೆ, ಇದನ್ನು ಮಾತ್ರ ನಮ್ಮ ಮನೆಯದು ಅನ್ನುವ ಹಾಗೆ ನೋಡುತ್ತೇನೆ.

ಮೂರನೇ ವರವನ್ನು ಈ ಸಿನಿಮಾ ಎಷ್ಟು ಜೋಪಾನವಾಗಿ ಬಳಸುತ್ತದೆ ಅನ್ನುವುದು ದೊಡ್ಡವನಾದ ಮೇಲೆ ನನಗೆ ಕಂಡ ವಿಷಯ. ಶುಂಡಿ ಅನ್ನುವ ರಾಜ್ಯದಲ್ಲಿ ಸಂಗೀತ ಸ್ಪರ್ಧೆ. ಪಲ್ಲಕ್ಕಿಯಲ್ಲಿ ಬಂದ ಉಸ್ತಾದರು ಅಲ್ಲಿ ಹಾಡುತ್ತಾರೆ. ಅವರ ಮಧ್ಯೆ ಈ ಹಳ್ಳಿ ಹುಡುಗರಿಬ್ಬರು ನಿಂತು, ನಾವು ಬಂಗಾಳದಿಂದ ಬಂದವರು, ಸಾದಾ ಸೀದಾ ಜನ, ನಮ್ಮ ಭಾಷೆ ಬಿಟ್ಟರೆ ಬೇರೆ ಗೊತ್ತಿಲ್ಲ, ಆದರೆ ಸ್ವರದ ಭಾಷೆ ಎಲ್ಲರಿಗೂ ತಿಳಿಯುತ್ತದಲ್ಲ ಅಂತ ಹಾಡುತ್ತಾರೆ. ಸಭೆ ಗೊಂಬೆಗಳ ಹಾಗೆ ಕೂತುಬಿಡುತ್ತದೆ. ಆ ರಾಜ್ಯದ ಜನಕ್ಕೆ ಮಾತು ಬರುವುದಿಲ್ಲ, ಯಾವುದೋ ರೋಗ ಬಂದು ದನಿ ಹೋಗಿದೆ. ಮಾತಿಲ್ಲದ ಜನದ ಮುಂದೆ ಭಾಷೆ ಬರದವರ ಹಾಡು. ಅದನ್ನು ಬೆಂಗಾಲಿ ಬಾರದ ನಾನು ಹಾಸನ ಜಿಲ್ಲೆಯ ಒಂದು ನಡುಮನೆಯಲ್ಲಿ ಕೂತು ಕೇಳಿದ್ದೆ. ಆ ಹಾಡಿನ ಅರ್ಥ ತಿಳಿದಿದ್ದು ಇಪ್ಪತ್ತು ವರ್ಷ ಆದ ಮೇಲೆ. ತಿಳಿದ ದಿನ ಹೊಸದೇನೂ ಗೊತ್ತಾದ ಹಾಗೆ ಅನ್ನಿಸಲಿಲ್ಲ.

ಹಾಡು ನಿಂತ ಮೇಲೆ

ಕೊನೆಗೆ ಯುದ್ಧ. ಹಲ್ಲಾ ಅನ್ನುವ ರಾಜ್ಯ ಶುಂಡಿಯ ಮೇಲೆ ದಂಡೆತ್ತುತ್ತದೆ. ಅಲ್ಲಿನ ರಾಜ ಒಳ್ಳೆಯವನೇ, ಶುಂಡಿ ರಾಜನ ಅಣ್ಣತಮ್ಮನೇ. ಎರಡೂ ಪಾತ್ರ ಸಂತೋಷ್ ದತ್ತ ಒಬ್ಬರೇ ಮಾಡಿದ್ದಾರೆ. ಮಂತ್ರಿ ಅವನಿಗೆ ಮದ್ದು ಕುಡಿಸಿ ಕ್ರೂರಿ ಮಾಡಿಟ್ಟಿದ್ದಾನೆ. ಆ ಮಂತ್ರಿ ಊಟ ಮಾಡುವ ದೃಶ್ಯವೊಂದಿದೆ. ಜಹರ್ ರಾಯ್ ಆ ಮಂತ್ರಿ. ಅವನು ಬಾಯಿ ತುಂಬ ತಿನ್ನುತ್ತಾನೆ. ಎದುರಿಗೆ ಬಡಕಲು ಗೂಢಚಾರ ನಿಂತು ಅವನ ಬಾಯನ್ನೇ ನೋಡುತ್ತಾನೆ. ಸೈನ್ಯಕ್ಕೆ ಊಟವಿಲ್ಲ. ಒಂಟೆಗಳೂ ಏಳಲೊಲ್ಲವು. ಇದನ್ನೆಲ್ಲ ತೆಗೆದಿದ್ದು ಜೈಸಲ್ಮೇರಿನಲ್ಲಿ, ಆ ಹಳದಿ ಕೋಟೆಯ ಕೆಳಗೆ.

ಹೊರಟ ದಂಡಿನ ಮುಂದೆ ಗೂಪಿ ಬಾಘಾ ಬಂದು ಹಾಡುತ್ತಾರೆ. ಯುದ್ಧ ಮಾಡಿ ಏನು ಸಿಗುತ್ತದೆ ಅಂತ ಕೇಳುವ ಹಾಡು. ಒಂಟೆ ಮೇಲೆ ಕೂತವರು, ಕತ್ತಿ ಹಿಡಿದವರು, ಎಲ್ಲ ನಿಂತಲ್ಲೇ ಕಲ್ಲು. ನನ್ನ ಪ್ರಕಾರ ಇಡೀ ಸಿನಿಮಾದ ಜಾಣತನ ಇರುವುದು ಇದರ ಮುಂದಿನ ಒಂದು ನಿಮಿಷದಲ್ಲಿ. ಯಾಕೆಂದರೆ ಹಾಡು ಮುಗಿದರೆ ವರದ ಕೆಲಸವೂ ಮುಗಿಯಿತು. ನಿಂತವರು ಮತ್ತೆ ನಡೆಯುತ್ತಾರೆ. ಹಾಡು ಕೇಳಿ ಸೈನಿಕರ ಮನಸ್ಸು ಕರಗಿತು, ಕತ್ತಿ ಬಿಸಾಡಿದರು ಅಂತ ತೋರಿಸುವುದು ಸುಲಭ. ರೇ ಹಾಗೆ ಮಾಡುವುದಿಲ್ಲ. ಆಕಾಶದಿಂದ ಮಡಕೆ ಮಡಕೆ ಸಿಹಿ ಇಳಿಯುತ್ತದೆ. ಸೈನಿಕರು ಕತ್ತಿ ಮರೆತು ಮಡಕೆಗಳ ಕಡೆ ಓಡುತ್ತಾರೆ. ಎರಡೂ ಕೈ ಹಾಕಿ ತಿನ್ನುತ್ತಾರೆ. ಯುದ್ಧ ನಿಲ್ಲುವುದಕ್ಕೆ ಮೂರನೇ ವರದ ಜೊತೆಗೆ ಮೊದಲನೇ ವರವೂ ಬೇಕಾಯಿತು. ಸಂಗೀತ ಅವರನ್ನು ಒಂದು ಗಳಿಗೆ ನಿಲ್ಲಿಸಿತು, ಆ ಗಳಿಗೆಯಲ್ಲಿ ಊಟ ಬಂತು.

ಆ ಕಾಲದ ಬಂಗಾಳದವರಿಗೆ ಈ ದೃಶ್ಯ ಹೇಗೆ ಕಂಡಿರಬೇಕು ಅಂತ ಯೋಚಿಸಿದ್ದೇನೆ. 1965ರಲ್ಲಿ ಹಾಲಿನ ಕೊರತೆ ಅಂತ ಪಶ್ಚಿಮ ಬಂಗಾಳದ ಸರ್ಕಾರ ಛೇನಾದ, ಅಂದರೆ ಒಡೆದ ಹಾಲಿನ ಗಿಣ್ಣಿನ ಸಿಹಿ ಮಾಡುವುದನ್ನೇ ನಿಷೇಧಿಸಿತ್ತು. ಸಂದೇಶ್, ರಸಗುಲ್ಲ ಇಲ್ಲದ ಕಲ್ಕತ್ತ! 1966ರಲ್ಲಿ ಅಕ್ಕಿ, ಸೀಮೆಎಣ್ಣೆಗಾಗಿ ಜನ ಬೀದಿಗೆ ಬಂದರು, ಗುಂಡೇಟಿಗೆ ಜೀವಗಳು ಹೋದವು. ಅದಾಗಿ ಮೂರು ವರ್ಷಕ್ಕೆ ಥಿಯೇಟರಿನ ಕತ್ತಲಲ್ಲಿ ಆಕಾಶದಿಂದ ಸಿಹಿ ಇಳಿಯುವುದನ್ನು ಅದೇ ಊರಿನ ಮಕ್ಕಳು ನೋಡಿದರು. ತಿಂಗಳುಗಟ್ಟಲೆ ಓಡಿತು ಸಿನಿಮಾ.

ಹೋದ ಬೇಸಿಗೆ ರಜೆಯಲ್ಲಿ ಮಗಳಿಗೆ ಇದನ್ನು ತೋರಿಸಿದೆ. ಅವಳಿಗೆ ಏಳು ವರ್ಷ. ಅರ್ಥವಾಗಲಿ ಅಂತ ಒಂದೊಂದು ಸಾಲನ್ನೂ ನಾನು ಕನ್ನಡದಲ್ಲಿ ಹೇಳುತ್ತಾ ಕೂತೆ. ಭೂತಗಳ ಕುಣಿತ ಅವಳಿಗೆ ಉದ್ದ ಅನ್ನಿಸಿತು. “ಇದು ಇನ್ನೂ ಎಷ್ಟೊತ್ತು?” ಅಂತ ಎರಡು ಸಲ ಕೇಳಿದಳು, ಮಧ್ಯೆ ಎದ್ದು ನೀರು ಕುಡಿಯಲು ಹೋದಳು. ನನಗೆ ಹೊಟ್ಟೆಯೊಳಗೆ ಏನೋ ಹಿಂಡಿದ ಹಾಗಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಮಡಕೆಗಳು ಇಳಿಯುವುದನ್ನು ಮಾತ್ರ ಮೂರು ಸಲ ಹಾಕಿಸಿಕೊಂಡು ನೋಡಿದಳು. ಮೂರನೇ ಸಲ ಸೈನಿಕರ ಜೊತೆ ಅವಳೂ ಬಾಯಿ ಆಡಿಸುತ್ತಿದ್ದಳು.

ಆಮೇಲೆ ಕೊನೇ ದೃಶ್ಯ ಬಂತು. ರಾಜಕುಮಾರಿಯರು, ಮದುವೆ. ಇದ್ದಕ್ಕಿದ್ದ ಹಾಗೆ ಪರದೆ ತುಂಬ ಬಣ್ಣ. ಇಡೀ ಸಿನಿಮಾವನ್ನು ಬಣ್ಣದಲ್ಲಿ ತೆಗೆಯುವ ಆಸೆ ರೇ ಅವರಿಗಿತ್ತು, ದುಡ್ಡು ಸಾಕಾಗಲಿಲ್ಲ, ಕೊನೆಯ ತುಣುಕಿಗೆ ಮಾತ್ರ ಬಣ್ಣ. ನಮ್ಮ ನಡುಮನೆಯ ಟಿವಿಯಲ್ಲಿ ಅವತ್ತು ಅದೂ ಕಪ್ಪು ಬಿಳುಪೇ ಆಗಿತ್ತು. ಬಣ್ಣ ಇದೆ ಅಂತ ಗೊತ್ತಾಗಿದ್ದೇ ನಾನು ಕೆಲಸಕ್ಕೆ ಸೇರಿ ಬೆಂಗಳೂರಿಗೆ ಬಂದು ಸಿಡಿ ತಂದು ನೋಡಿದಾಗ. ಮಾವನಿಗೆ ಫೋನು ಮಾಡಿ ಹೇಳಿದ್ದೆ. “ಯಾವ ಪಿಚ್ಚರು?” ಅಂದ. ದೆವ್ವದ್ದು ಅಂದೆ. “ಓ, ಆ ತನಿದಾ” ಅಂದ. ಬಣ್ಣದ ಬಗ್ಗೆ ಏನೂ ಕೇಳಲಿಲ್ಲ.

ಅವನ ಖಂಜಿರ ಈಗ ನಮ್ಮ ಮನೆಯಲ್ಲಿದೆ. ಹಲಸಿನ ಮರದ ಬಳೆ, ಉಡದ ಚರ್ಮ. ಉಡದ ಚರ್ಮ ಈಗ ಬಳಸುವಂತಿಲ್ಲ, ಹೊಸದಕ್ಕೆಲ್ಲ ಆಡಿನ ಚರ್ಮ ಹಾಕುತ್ತಾರೆ. ಇದು ಅವನ ಅಪ್ಪನ ಕಾಲದ್ದು. ಸಿನಿಮಾ ನೋಡಿದ ಸಂಜೆ ಅಟ್ಟದಿಂದ ಕೆಳಗಿಳಿಸಿದೆ. ಮಗಳು ತಟ್ಟಿ ನೋಡಿದಳು. ಬಿಗಿದ ಚರ್ಮ, ಟಣ್ ಅಂತ ಒಣ ಸದ್ದು. ಒಳಗಡೆಯಿಂದ ನೀರು ಹಚ್ಚಬೇಕು ಅಂತ ತೋರಿಸಿಕೊಟ್ಟೆ. ಲೋಟದಲ್ಲಿ ಬೆರಳು ಅದ್ದಿ, ನಾಲ್ಕು ಹನಿ ಚಿಮುಕಿಸಿ, ಬೆರಳಿನಿಂದ ಸವರಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತಟ್ಟಬೇಕು. ಮಾವ ಕಚೇರಿ ಮಧ್ಯೆ ಹೀಗೇ ಮಾಡುತ್ತಿದ್ದ, ಪಕ್ಕದಲ್ಲಿ ಯಾವಾಗಲೂ ಒಂದು ಸಣ್ಣ ಬಟ್ಟಲು. ಸದ್ದು ಇಳಿಯಿತು. ಅವಳು ಕಿವಿ ಹತ್ತಿರ ಹಿಡಿದು ಇನ್ನೊಂದು ಸಲ ತಟ್ಟಿದಳು, ಮತ್ತೆ ಲೋಟಕ್ಕೆ ಬೆರಳು ಅದ್ದಿದಳು. ಜಾಸ್ತಿ ಹಾಕಿದರೆ ಕೆಡುತ್ತೆ ಕಣೇ ಅಂದೆ. “ಇನ್ನು ಎರಡೇ ಹನಿ ಅಪ್ಪ” ಅಂದಳು.